ಪಾದದ ಅಳತೆ

ಪರಾತದಲ್ಲಿ ಅರ್ಧ ಬಡಿದ ರೊಟ್ಟಿಯಿತ್ತು. ಒಂದು ಬದಿ ತೆಳುವಾಗಿತ್ತು, ಇನ್ನೊಂದು ಬದಿ ಇನ್ನೂ ದಪ್ಪ. ನಡುವೆ ನಾಲ್ಕು ಬೆರಳಿನ ಗುರುತು ಹಾಗೇ ಮೂಡಿತ್ತು. ಅದಕ್ಕಿಂತ ಮೊದಲು ಬಡಿದ ರೊಟ್ಟಿ ತವೆಯ ಮೇಲೆ ಕರಕಾಗಿ ಹೊಗೆಯಾಡುತ್ತಿತ್ತು. ಕಾಕು ಹಿಂದಿನ ಗೋಡೆಗೆ ಒರಗಿ ಕೂತಿದ್ದಳು, ಕೆಲಸದ ನಡುವೆ ಸುಸ್ತಾದವರು ಕೂಡುವ ಹಾಗೆ, ಹಿಟ್ಟಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ನಾನು ನೀರಿನ ಚರಿಗೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಆ ನೀರನ್ನು ಕೇಳಿದವಳು ಅವಳೇ.

"ಬಾಳಾ, ಒಂದ್ ಚರಿಗಿ ನೀರ ತಾ. ಎದಿಯಾಗ ಹೆಂಗೋ ಆಗ್ಲಕತ್ತದ," ಅಂದಿದ್ದಳು.

ಪಡಸಾಲೆಯ ಮೂಲೆಯಲ್ಲಿದ್ದ ಕೊಡದಿಂದ ನೀರು ತುಂಬಿಕೊಂಡು ಬರಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ನಾನು ಕರೆದೆ. ಮತ್ತೆ ಕರೆದೆ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅವ್ವ ಒಳಗೆ ಬಂದವಳು ಮೊದಲು ಕಾಕುನ ಮುಖ ನೋಡಿದಳು, ಆಮೇಲೆ ಗ್ಯಾಸು ಆರಿಸಿದಳು, ಆಮೇಲೆ ಕರಕಾದ ರೊಟ್ಟಿಯನ್ನು ಬರಿಗೈಯಿಂದ ತೆಗೆದು ಪಕ್ಕಕ್ಕಿಟ್ಟಳು. ಇಷ್ಟೆಲ್ಲ ಮಾಡಿದ ಮೇಲೆ ಅವಳು ಕೂಗಿಕೊಂಡದ್ದು. ಎದುರು ದವಾಖಾನೆಯ ಡಾಕ್ಟರು ಬಂದು ಮಣಿಕಟ್ಟು ಹಿಡಿದು, ಕಣ್ಣಿನ ರೆಪ್ಪೆ ಎತ್ತಿ ನೋಡಿ, ಮರಾಠಿಯಲ್ಲಿ ಒಂದೇ ಶಬ್ದ ಹೇಳಿದರು: ಗೇಲ್ಯಾ, ಅಂದರೆ ಹೋದರು. ನಮ್ಮ ಮನೆಯಲ್ಲಿ ಮರಾಠಿ ಅಂದರೆ ಅಂಗಡಿಯ ಭಾಷೆ, ಶಾಲೆಯ ಭಾಷೆ, ಬಸ್ಸಿನ ಭಾಷೆ. ಆ ಶಬ್ದ ಅಡುಗೆಮನೆಯೊಳಗೆ ಬಂದದ್ದೇ ನನಗೆ ವಿಚಿತ್ರವಾಗಿ ಕಂಡಿತು. ಕನ್ನಡದಲ್ಲಿ ಯಾರೂ ಹೇಳುವ ತನಕ ಅದು ನಿಜವಲ್ಲ ಎಂದುಕೊಂಡು ಚರಿಗೆ ಹಿಡಿದೇ ನಿಂತಿದ್ದೆ.

ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ಹೆಸರು ಕಸ್ತೂರಿ. ಉದಗೀರದ ಆಚೆಯ ಜಳಕೋಟದಿಂದ ಬಂದವಳು. ಅವ್ವ ನಿಲಂಗಾದವಳು. ಉಮರ್ಗಾದ ಆ ಮನೆಯಲ್ಲಿ ಮುಂದೆ ಕಾಳು-ಕಿರಾಣಿಯ ಅಂಗಡಿ, ಹಿಂದೆ ಪಡಸಾಲೆ, ಅದರ ಪಕ್ಕ ಕಿಟಕಿಯಿಲ್ಲದ ದೇವರ ಕೋಣೆ, ಕೊನೆಗೆ ಅಡುಗೆಮನೆ. ಕಾಕಾ ಅಂಗಡಿಯಲ್ಲಿ ಕೂಡುತ್ತಿದ್ದ. ಅಪ್ಪ ಯೆಣೆಗೂರಿನ ಹೊಲ ನೋಡಿಕೊಳ್ಳುತ್ತಿದ್ದ. ಇವರಿಬ್ಬರ ತಾಯಿಯನ್ನು ಮಕ್ಕಳು, ಸೊಸೆಯರು, ನಾನು, ಕೊನೆಗೆ ಅಂಗಡಿಗೆ ಬರುವ ಗಿರಾಕಿಗಳು ಕೂಡ ಆಯಿ ಎಂದೇ ಕರೆಯುತ್ತಿದ್ದೆವು. ಮನೆಯ ಗಂಡಸರ ಮಾತು ಅಂಗಡಿಯ ಕಟ್ಟೆಯಲ್ಲಿ, ಹೆಂಗಸರ ಮಾತು ಒಲೆಯ ಮುಂದೆ. ಎರಡರ ನಡುವೆ ಪಡಸಾಲೆ, ಅಲ್ಲಿ ಆಯಿ. ಕಾಕಾ ಊಟಕ್ಕೆ ಬಂದರೆ ಕಾಕು ಸೆರಗು ಸರಿಮಾಡಿಕೊಂಡು ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು. ಆಯಿಯ ಎದುರು ಅವರಿಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿದ್ದನ್ನು ನಾನು ಕೇಳಿದ ನೆನಪಿಲ್ಲ. "ಸಾರು ಬೇಕೇನು ಕೇಳು ಬಾಳಾ" ಎಂದು ಕಾಕು ನನಗೆ ಹೇಳುತ್ತಿದ್ದಳು. "ಸಾಕಂತ ಹೇಳು" ಎಂದು ಕಾಕಾ ನನಗೇ ಹೇಳುತ್ತಿದ್ದ. ಅವರು ಎರಡು ಮಾರು ದೂರದಲ್ಲಿರುತ್ತಿದ್ದರು. ಇದರಲ್ಲಿ ಏನೋ ಕೊರತೆಯಿದೆ ಎಂದು ನನಗಾಗಲಿ ಬೇರೆ ಯಾರಿಗಾಗಲಿ ಅನ್ನಿಸುತ್ತಿರಲಿಲ್ಲ. ಅದು ಮರ್ಯಾದೆ.

ಒಲೆಯ ಮುಂದೆ ಮಾತ್ರ ಮರ್ಯಾದೆ ಇರಲಿಲ್ಲ. ಅವ್ವ, ಕಾಕು ಇಬ್ಬರೂ ದಿನಕ್ಕೊಂದು ಜಗಳ ಆಡುತ್ತಿದ್ದರು. ಶೇಂಗಾ ಹಿಂಡಿಗೆ ಬೆಳ್ಳುಳ್ಳಿ ಎಷ್ಟು, ಯಾರ ಕುಕ್ಕರಿನ ರಬ್ಬರು ಯಾರು ಕಳೆದರು, ಯಾರ ತವರಿನ ಜೋಳ ಬೆಳ್ಳಗೆ, ಹೀಗೆ. ಅವ್ವ ಎತ್ತರದ ಹೆಂಗಸು, ಹೆಜ್ಜೆ ಇಟ್ಟರೆ ಪಡಸಾಲೆಯ ಫರಸಿ ಸದ್ದಾಗುತ್ತಿತ್ತು. ಕಾಕು ಗಿಡ್ಡ, ಬೆನ್ನ ಹಿಂದೆ ಬಂದು ನಿಂತರೂ ಗೊತ್ತಾಗುತ್ತಿರಲಿಲ್ಲ.

"ಅಕ್ಕಾ ಬಂದ್ಲು ಅಂದ್ರ ಇಲಿ ಸೈತ ಊರ ಬಿಟ್ಟ ಹೋಗ್ತಾವ," ಎಂದು ಕಾಕು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

"ನೀ ಬಂದ್ರ ಹಾಲಿನ ಬೋಗೋಣಿ ಮುಚ್ಚಬೇಕು. ಬೆಕ್ಕಿನ ಜಾತಿ," ಎಂದು ಅವ್ವ ತಿರುಗಿ ನೋಡದೆಯೇ ಹೇಳುತ್ತಿದ್ದಳು.

ಕಾಕುಗೆ ಮಕ್ಕಳಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಆಡುತ್ತಿರಲಿಲ್ಲ. ನನ್ನ ಜಡೆ ಹಾಕುವವಳು ಕಾಕು, ನನ್ನ ಜ್ವರಕ್ಕೆ ಎದ್ದು ಕೂಡುವವಳು ಕಾಕು. ಮಳೆಗಾಲದಲ್ಲಿ ಅವರಿಬ್ಬರ ನಡುವೆ ಮಲಗಿದಾಗ ಕತ್ತಲಲ್ಲಿ ಕಾಲಿಗೆ ತಾಗಿದ ಪಾದ ಯಾರದೆಂದು ನನಗೆ ತಿಳಿಯುತ್ತಿತ್ತು. ಅವ್ವನ ಹಿಮ್ಮಡಿ ಒರಟು, ಅಗಲ. ಕಾಕುನದು ನನ್ನದಕ್ಕಿಂತ ಸ್ವಲ್ಪವೇ ದೊಡ್ಡದು. ಅವ್ವ ದಿನವೂ ಹೊರಗೆ ಹೋಗುವವಳು, ಗಿರಣಿಗೆ, ಬಜಾರಿಗೆ, ನನ್ನ ಶಾಲೆಗೆ. ಅವಳ ಚಪ್ಪಲಿ ಯಾವಾಗಲೂ ಬಾಗಿಲಲ್ಲಿ ಇರುತ್ತಿತ್ತು. ಕಾಕು ಎಲ್ಲಿಗೂ ಹೋಗುತ್ತಿರಲಿಲ್ಲ. ಅವಳ ಚಪ್ಪಲಿ ಹಳೆಯ ಪೇಪರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇರುತ್ತಿತ್ತು, ವರ್ಷಕ್ಕೆ ಒಂದೋ ಎರಡೋ ಸಲ ಜಳಕೋಟಕ್ಕೆ ಹೋಗುವಾಗ ಮಾತ್ರ ಹೊರಬರುತ್ತಿತ್ತು. ಹಿತ್ತಲಿಗೆ, ನೀರಿಗೆ, ಮಾಳಿಗೆಗೆ ಎಲ್ಲ ಕಡೆಗೂ ಬರಿಗಾಲು. ಇದು ಮನೆಯ ಹೆಂಗಸರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿದೆ ಎಂದು ಯಾರೂ ಹೇಳಿಕೊಳ್ಳುವಂಥದ್ದಲ್ಲ.

ಡಾಕ್ಟರು ಹೋದ ಮೇಲೆ ಆಯಿ ಅಡುಗೆಮನೆಗೆ ಬಂದಳು. ಅಳಲಿಲ್ಲ. ಸೊಸೆಯ ಕೆನ್ನೆಗೆ ಕೈ ಹಚ್ಚಿ ನೋಡಿ,

"ಮೈ ಬಿಸಿ ಇರೂದ್ರಾಗ ಕಾಲ ಮಡಚ್ರಿ. ಆಮ್ಯಾಲ ಬಗ್ಗಂಗಿಲ್ಲ," ಅಂದಳು.

ನಮ್ಮಲ್ಲಿ ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಲಿಂಗಪೂಜೆಗೆ ಕೂತ ಹಾಗೆ ಚಕ್ಕಳಮಕ್ಕಳ ಹಾಕಿಸಿ, ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟು, ಕೂಡಿಸಿಯೇ ಮಣ್ಣು ಕೊಡುತ್ತಾರೆ. ಇದನ್ನು ನಾನು ಕೇಳಿ ಬಲ್ಲೆ, ನೋಡಿರಲಿಲ್ಲ. ಕಾಕುಗೆ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಕೂಡಿಸಿದರು. ತಲೆ ಬಾಗಬಾರದೆಂದು ಗದ್ದದ ಕೆಳಗಿಂದ ಬಿಳಿ ಪಟ್ಟಿ ತಂದು ಗೋಡೆಯ ಗೂಟಕ್ಕೆ ಕಟ್ಟಿದರು. ಕಾಕು ಪಡಸಾಲೆಯಲ್ಲಿ ಹಾಗೆ ಗಂಡಸರ ಎದುರು ಕೂತದ್ದು ಅದೇ ಮೊದಲು. ನನ್ನ ಕಣ್ಣಿಗೆ ಅವಳು ಸತ್ತ ಹಾಗೆ ಕಾಣಲಿಲ್ಲ. ಯಾರೋ ಬೈದು ಕೂಡಿಸಿದ ಹಾಗೆ ಕಂಡಳು. ಯಾರೂ ನೋಡದಿದ್ದಾಗ ಅವಳ ಹತ್ತಿರ ಹೋಗಿ, ಏಳು, ಎಂದು ಮೆಲ್ಲಗೆ ಹೇಳಿದೆ.

ಹೊರಗೆ ಅಂಗಡಿಯ ಕಟ್ಟೆಯಲ್ಲಿ ಅಪ್ಪ ಒಂದರ ಹಿಂದೆ ಒಂದು ಫೋನು ಮಾಡುತ್ತಿದ್ದ. ಮಣ್ಣು ಸಂಜೆಯೊಳಗೆ ಆಗಬೇಕು. ಜಳಕೋಟಕ್ಕೆ ಖಬರು, ತವರಿನವರು ಸೀರೆ ತರಬೇಕು. ಅಯ್ಯನವರಿಗೆ ಹೇಳಬೇಕು, ಅವರಿಲ್ಲದೆ ಕ್ರಿಯೆ ಆಗುವುದಿಲ್ಲ. ಬಿದಿರಿನ ಗಳ ಕಟ್ಟಿ ಹೂ ಸುತ್ತಿದ ಪಲ್ಲಕ್ಕಿ ಬೇಕು. ಅದಕ್ಕೆ ನಮ್ಮಲ್ಲಿ ವಿಮಾನ ಅನ್ನುತ್ತಾರೆ. ಪತ್ರಿ, ವಿಭೂತಿ, ಉಪ್ಪು, ಭಜನೆಯವರು, ಯೆಣೆಗೂರಿಗೆ ಹೋಗಲು ಟೆಂಪೋ. ಹೊಲದಲ್ಲಿ ಮುತ್ಯಾನ, ಅಂದರೆ ನನ್ನ ಅಜ್ಜನ, ಗದ್ದಿಗೆಯ ಪಕ್ಕದಲ್ಲೇ ಜಾಗ ಎಂದು ಆಯಿ ಹೇಳಿದ್ದಳು. ಅಪ್ಪ ಪ್ರತಿಯೊಂದು ಫೋನಿನಲ್ಲೂ "ಏನ್ ಆಗಿರ್ಲಿಲ್ರಿ, ರೊಟ್ಟಿ ಬಡೀಲಕತ್ತಿದ್ಳು" ಎಂದು ಮೊದಲಿನಿಂದ ಹೇಳುತ್ತಿದ್ದ. ಪ್ರತಿ ಸಲವೂ ಅದು ಈಗಷ್ಟೇ ತನಗೆ ತಿಳಿದ ಹಾಗೆ ಅವನ ದನಿ ಒಡೆಯುತ್ತಿತ್ತು. ಕಾಕಾ ಪಕ್ಕದಲ್ಲಿ ತಕ್ಕಡಿಯ ಮುಂದೆ ಕೂತಿದ್ದ. ಒಬ್ಬ ಗಿರಾಕಿ ಏನೂ ತಿಳಿಯದೆ ಬಂದು ಸಕ್ಕರೆ ಕೇಳಿದ. ಕಾಕಾ ಎದ್ದು, ಸಕ್ಕರೆ ತೂಗಿ, ಪೊಟ್ಟಣ ಕಟ್ಟಿ ಕೊಟ್ಟ.

ಹೊಲದಲ್ಲಿ ಕುಣಿ ತೋಡುವವರಿಗೆ ಅಳತೆ ಕಳಿಸಬೇಕಾಗಿತ್ತು. ಕುಣಿಯ ಉದ್ದ, ಅಗಲ, ಆಳ, ಒಳಗೆ ಕೂಡಿಸುವ ಗೂಡು, ಎಲ್ಲವೂ ಸತ್ತವರ ಪಾದದ ಲೆಕ್ಕ, ಇಷ್ಟು ಪಾದ ಉದ್ದ, ಇಷ್ಟು ಪಾದ ಆಳ ಎಂದು. ಟೇಪು ನಡೆಯುವುದಿಲ್ಲ. ಪಾದಕ್ಕೆ ದಾರ ಹಿಡಿದು, ಹಿಮ್ಮಡಿಯಿಂದ ಹೆಬ್ಬೆರಳ ತನಕ ಕತ್ತರಿಸಿ, ಅಂಥವೇ ಎರಡು ದಾರ ಮಾಡುತ್ತಾರೆ. ಒಂದು ಹೊಲಕ್ಕೆ ಹೋಗುತ್ತದೆ, ಇನ್ನೊಂದು ಹೆಣದ ಹತ್ತಿರ ಉಳಿದು ಆಮೇಲೆ ಅವರೊಂದಿಗೇ ಮಣ್ಣಿಗೆ ಹೋಗುತ್ತದೆ. ತಾಯಿಯ ಪಾದ ಹಿಡಿಯುವವನು ಮಗ. ಕಾಕುಗೆ ಮಗ ಇಲ್ಲದ್ದರಿಂದ ಅಪ್ಪ ಕಾಕಾನಿಗೇ ದಾರದ ಉಂಡೆ ಕೊಟ್ಟು, "ಶಿವ್ಯಾ, ಹೋಗು, ಅಳತಿ ಹಿಡ್ಕೊಂಡು ಬಾ" ಅಂದ. ಕಾಕಾ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಎರಡು ದಾರ ತಂದು ಕೊಟ್ಟ. ಒಂದನ್ನು ಮೋಟರ್ ಸೈಕಲ್ಲಿನ ಮೇಲೆ ಯೆಣೆಗೂರಿಗೆ ಕಳಿಸಿದರು, ಇನ್ನೊಂದನ್ನು ವಿಭೂತಿಯ ತಟ್ಟೆಯಲ್ಲಿ ಇಟ್ಟರು.

ಮಧ್ಯಾಹ್ನ ದಾಟಿದ ಮೇಲೆ ಜಳಕೋಟದವರು ಬಂದರು. ಕಾಕುನ ಅಣ್ಣ, ನಾನು ಮಾಮಾ ಅನ್ನುತ್ತಿದ್ದ ದಪ್ಪ ಮೀಸೆಯ ಮನುಷ್ಯ, ಹೊಸ ಹಸಿರು ಸೀರೆ ಎದೆಗವುಚಿಕೊಂಡು ಉದಗೀರದಿಂದ ನಿಲಂಗಾ ದಾರಿಯಾಗಿ ಜೀಪಿನಲ್ಲಿ ಕೂತು ಬಂದಿದ್ದರು. ಹೊಸ್ತಿಲಲ್ಲಿ ನಿಂತು ತಂಗಿಯನ್ನು ನೋಡಿ, "ಫೋನಿನ್ಯಾಗ ಮೊನ್ನಿ ನಕ್ಕಾಳ್ರಿ ಇಕಿ, ನನ್ನ ಕೂಡ ನಕ್ಕಾಳ," ಅಂದರು, ಯಾರೋ ಇಲ್ಲ ಎಂದು ವಾದಿಸುತ್ತಿರುವ ಹಾಗೆ. ಹೆಂಗಸರು ಕಾಕುಗೆ ತವರಿನ ಸೀರೆ ಉಡಿಸಿ, ಉಡಿ ತುಂಬಿದರು. ಅಷ್ಟರಲ್ಲಿ ಅಯ್ಯನವರು ಬಂದರು. ಹೊಲದಿಂದ ಕುಣಿ ತಯಾರಾಗಿದೆ ಎಂದು ಫೋನೂ ಬಂತು. ಅಂಗಳದಲ್ಲಿ ವಿಮಾನ ಕಟ್ಟಿ ಮುಗಿದಿತ್ತು. ಇನ್ನು ಎತ್ತುವುದೊಂದೇ ಬಾಕಿ.

ಅಯ್ಯನವರು ವಯಸ್ಸಾದವರು, ಮೆಲ್ಲಗೆ ಕೆಲಸ ಮಾಡುವವರು. ಪೂಜೆ ಮಾಡಿ, ಮಂತ್ರ ಹೇಳಿ, ತಟ್ಟೆಯಲ್ಲಿದ್ದ ದಾರವನ್ನು ಎತ್ತಿ ಕಾಕುನ ಅಂಗಾಲಿಗೆ ಹಿಡಿದರು. ಚಕ್ಕಳಮಕ್ಕಳ ಹಾಕಿದ್ದರಿಂದ ಅಂಗಾಲು ಮೇಲಾಗಿತ್ತು. ದಾರ ಹಿಮ್ಮಡಿಯಿಂದ ಹೊರಟು, ಹೆಬ್ಬೆರಳು ದಾಟಿ, ಹೊರಗೆ ಇಳಿಬಿತ್ತು. ಅವರು ಮತ್ತೊಮ್ಮೆ ಹಿಡಿದರು.

"ಇದು ಈ ತಾಯಿದಲ್ಲ," ಅಂದರು. "ಯಾರ ಅಳತಿ ತಗೊಂಡೀರಿ?"

ಭಜನೆಯವರು ತಾಳ ನಿಲ್ಲಿಸಿದರು. ಆಯಿ ಕಾಕಾನ ಕಡೆ ನೋಡಿದಳು.

"ಶಿವ್ಯಾ. ಆಕಿ ಕಾಲ ಹಿಡದಿಯಿಲ್ಲೋ?"

ಕಾಕಾ ಗೋಡೆಗೆ ಒರಗಿ ನಿಂತಿದ್ದ.

"ಎಲ್ಲಾರು ಕುಂತಿದ್ರಲ್ಲ ಆಯಿ. ನೀನೂ ಇದ್ದಿ. ನಿಮ್ಮೆದುರಿಗಿ ನಾ ಹೆಂಗ ಆಕಿ ಕಾಲ... ಬಾಗಲ್ದಾಗ ಆಕಿ ಚಪ್ಪಲಿ ಇತ್ತು. ಅದ್ರ ಮ್ಯಾಲ ತಗೊಂಡೆ."

"ಆಕಿ ಚಪ್ಪಲಿ ಟ್ರಂಕಿನ್ಯಾಗ ಅದ ಭಾವ್ಜಿ," ಅಂದಳು ಅವ್ವ, ಮೈದುನನಿಗೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ಅವಳಿಗೆ ತಿಳಿದಿರಬೇಕು. ಪಡಸಾಲೆಯಲ್ಲಿ ಕೂತವರೆಲ್ಲ ಒಬ್ಬೊಬ್ಬರಾಗಿ ಅವಳ ಪಾದ ನೋಡಿದರು. ಯಾರೂ ನೋಡಬೇಕೆಂದು ನೋಡಲಿಲ್ಲ. ಅವ್ವ ಪಾದಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡಳು. ನಾನು ಅವಳ ಬೆನ್ನಿಗೆ ಅಂಟಿ ಕೂತಿದ್ದೆ. ಅವಳ ಬೆನ್ನು ಗಟ್ಟಿಯಾದದ್ದು ನನಗೆ ತಿಳಿಯಿತು. ಆಗ ಪಕ್ಕದ ಮನೆಯ ಮುದುಕಿ, ಕಿವಿ ಮಂದವಾದ್ದರಿಂದ ಯಾವಾಗಲೂ ಜೋರಾಗಿ ಮಾತಾಡುವವಳು, ತನ್ನ ಸೊಸೆಗೆ ಗುಟ್ಟಿನಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು:

"ಅಳತಿ ಕೊಟ್ಟ ಮ್ಯಾಲ ಮಣ್ಣ ಬಿಡಂಗಿಲ್ಲವ್ವ."

ಆ ಮಾತನ್ನು ನಾನು ಈಗಲೂ ಅದೇ ದನಿಯಲ್ಲಿ ಕೇಳಬಲ್ಲೆ. ಬೆಳಿಗ್ಗೆ ಒಬ್ಬಳು ನೀರು ಕೇಳಿ, ನೀರು ಬರುವಷ್ಟರಲ್ಲಿ ಇಲ್ಲವಾಗಿದ್ದಳು. ಹಾಗಿರುವಾಗ ಯಾವುದು ತಾನೆ ಆಗಲಾರದು? ಯೆಣೆಗೂರಿನ ನಮ್ಮ ಹೊಲದಲ್ಲಿ, ನಾವು ಎಳ್ಳಮಾವಾಸ್ಯೆಗೆ ಬುತ್ತಿ ಬಿಚ್ಚುವ ಜಾಗದ ಹತ್ತಿರ, ನನ್ನ ಅವ್ವನ ಅಳತೆಗೆ ಸರಿಯಾಗಿ ಒಂದು ಕುಣಿ ಬಾಯಿ ತೆರೆದುಕೊಂಡಿತ್ತು. ನಾನು ಅವ್ವನ ಸೆರಗಿನ ತುದಿಯನ್ನು ನನ್ನ ಮಣಿಕಟ್ಟಿಗೆ ಸುತ್ತಿಕೊಂಡೆ.

ಮಾಮಾ ಎದ್ದು ನಿಂತರು.

"ಇಷ್ಟ ವರ್ಷ ಸಂಸಾರ ಮಾಡ್ಯಾನೋ, ಧರ್ಮಶಾಳಾದಾಗ ಇಳದಾನೋ ಇಂವಾ? ಹೆಂಡ್ತಿ ಚಪ್ಪಲಿ ಯಾವ್ದಂತ ಗೊತ್ತಿಲ್ಲ! ಜಳಕೋಟಕ್ಕ ಒಯ್ತೀವ್ ನಾವು. ನಮ್ಮ ಹೊಲದಾಗ ಕೂಡಸ್ತೀವಿ. ಆಕಿ ಕಾಲ ಎಷ್ಟದ ನಮಗ ಗೊತ್ತದ."

"ಅಣ್ಣಾರು, ಕುಂದರ್ರಿ," ಅಂದ ಅಪ್ಪ. "ಗಲತಿ ಆಗ್ಯದ. ಇನ್ನೊಂದ್ ಕುಣಿ ತೆಗಸ್ತೀವಿ."

"ಜೆಸಿಬಿ ಕರಸ್ರಿ," ಎಂದು ಅಂಗಳದಿಂದ ಯಾರೋ ಸಲಹೆ ಕೊಟ್ಟರು. "ಹೈವೇದಾಗೇ ನಿಂತಿರ್ತದ. ಗಪ್ಪನ ತೆಗೀತದ."

"ನನ್ನ ಸೊಸಿಗಿ ಏನ್ ಪೈಪ್‌ಲೈನ್ ಹಾಕ್ಲಕತ್ತೀರೇನ್ರೋ?" ಅಂದಳು ಆಯಿ. ಒಬ್ಬಿಬ್ಬರು ನಕ್ಕು, ತಕ್ಷಣ ನಿಲ್ಲಿಸಿದರು. ಆಯಿ ನಗಲಿಲ್ಲ. "ಇನ್ನೊಂದ್ ತೆಗಸ್ತೀ ಬರೋಬರ. ಮೊದಲಿಂದು ಏನ್ ಮಾಡ್ತಿ? ತೆಗದ ಕುಣಿ ಹಂಗೇ ಮುಚ್ಚಲಕ ಬರಂಗಿಲ್ಲ. ತೆರದ ಬಿಡಲಕೂ ಬರಂಗಿಲ್ಲ. ಸುವರ್ಣಾನ ಅಳತಿ ಅದು."

ಸುವರ್ಣಾ ನನ್ನ ಅವ್ವ. ಆಯಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದ ಮೇಲೆ ಅಪ್ಪನ ಮುಖ ಬೇರೆಯಾಯಿತು. ಅವನು ಅಲ್ಲಿಯ ತನಕ ಕುಣಿಯನ್ನು ಒಂದು ಕೆಲಸವೆಂದೇ ಎಣಿಸಿದ್ದ. ಈಗ ಅವನು ಅವ್ವನ ಕಡೆ ನೋಡಿದ. ಗಂಡ ಹೆಂಡತಿಯನ್ನು ಹಾಗೆ ಎಲ್ಲರ ಮುಂದೆ ನೋಡುವುದು ನಮ್ಮ ಮನೆಯಲ್ಲಿ ಇರಲಿಲ್ಲ.

ಅಯ್ಯನವರು ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು.

"ಸಣ್ಣದಾಗಿದ್ರ ತ್ರಾಸಿತ್ತು," ಅಂದರು. "ದೊಡ್ಡದ ಆಗ್ಯದ. ದೊಡ್ಡದು ಸಣ್ಣದು ಮಾಡಬಹುದು. ಒಳಗ ಕಲ್ಲು ಮಣ್ಣಿಂದ ಕಟ್ಕೊಂಡ ಬಂದು ಈ ತಾಯಿ ಅಳತಿಗಿ ತರ್ರಿ. ಹೆಚ್ಚಿನ ಜಾಗಾ ತುಂಬಿ ಹೋದ್ರ ಅದು ಯಾರ ಅಳತಿನೂ ಅಲ್ಲ. ಆದ್ರ ಹೊಸಾ ದಾರ ಬೇಕು. ಈಗ ಬರೋಬರ ಹಿಡೀರಿ."

"ತರ್ರಿ, ನಾ ಹಿಡೀತೀನಿ. ನನ್ನ ತಂಗಿ ಆಕಿ," ಎಂದು ಮಾಮಾ ಕೈಚಾಚಿದರು.

"ಬ್ಯಾಡ ಅಣ್ಣಾ," ಅಂದಳು ಅವ್ವ.

ಅಷ್ಟು ಗಂಡಸರಿದ್ದ ಜಾಗದಲ್ಲಿ ಅವ್ವ ದನಿ ಎತ್ತಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅವಳು ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ, ಕಾಕಾನ ಕಡೆ ನೋಡದೆ, ಕಾಕುನ ಕಡೆ ನೋಡುತ್ತ ಹೇಳಿದಳು:

"ಭಾವ್ಜಿನೇ ಹಿಡೀಬೇಕು. ನನ್ನ ಅಳತಿ ನನ್ನ ಕೇಳಲಾರ್ದ ತಗೊಂಡಾರ, ಇರಲಿ. ಆಕಿದು ಆಕಿ ಕಾಲ ಮುಟ್ಟೇ ತಗೋಬೇಕು. ಎಲ್ಲಾರ ಮುಂದ. ಆಯಿ ಮುಂದ."

ಎಲ್ಲರೂ ಆಯಿಯ ಮುಖ ನೋಡಿದರು. ಈ ಮನೆಯ ಮರ್ಯಾದೆಯನ್ನು ಕಟ್ಟಿದವಳು ಅವಳು, ಬಿಚ್ಚಬೇಕಾದರೂ ಅವಳೇ ಬಿಚ್ಚಬೇಕು. ಆಯಿ ಎದ್ದು, ಮೊಣಕಾಲು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತ ದೇವರ ಕೋಣೆಗೆ ಹೋಗಿ, ನೂಲಿನ ಉಂಡೆ ತಂದು, ಮಗನ ಕೈಯಲ್ಲಿ ಇಟ್ಟಳು.

ಕಾಕಾ ಹೆಂಡತಿಯ ಮುಂದೆ ಕೂತ. ಮೊದಲು ದಾರವನ್ನು ಗಾಳಿಯಲ್ಲಿ ಹಿಡಿದ, ಮುಟ್ಟದೆ ಅಳೆಯಬಹುದು ಎನ್ನುವ ಹಾಗೆ. ಅಯ್ಯನವರು ತಲೆಯಲ್ಲಾಡಿಸಿದರು. ಆಮೇಲೆ ಅವನು ಎಡಗೈಯಲ್ಲಿ ಅವಳ ಪಾದ ಹಿಡಿದ. ಹಿಡಿದ ಕೂಡಲೇ ಅವನ ಭುಜ ಜಗ್ಗಿತು. ಅದು ತಣ್ಣಗಿರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲವೋ ಏನೋ. ಹಿಮ್ಮಡಿಗೆ ದಾರದ ತುದಿ ಒತ್ತಿ, ಹೆಬ್ಬೆರಳ ತನಕ ಎಳೆದು, ಅಲ್ಲಿ ಉಗುರಿನಿಂದ ಒತ್ತಿ ಹಿಡಿದ. ಹಿಡಿದವನು ಬಿಡಲೇ ಇಲ್ಲ. ಅಂಗೈಯಲ್ಲಿ ಪೂರ್ತಿ ಕೂತಿದ್ದ ಆ ಪಾದವನ್ನು ನೋಡುತ್ತಿದ್ದ. ಆಮೇಲೆ ಅವ್ವನ ಕಡೆ ತಿರುಗಿ ಕೇಳಿದ, ಅಂಗಡಿಯಲ್ಲಿ ಏನೋ ಲೆಕ್ಕ ತಪ್ಪಿದವನಂತೆ:

"ವೈನೀ, ಇಷ್ಟ್ ಸಣ್ಣದೇನ್ರಿ?"

"ಹೌದ್ ಭಾವ್ಜಿ. ಇಷ್ಟೇ," ಅಂದಳು ಅವ್ವ.

ಮಾಮಾ ಗೋಡೆಯ ಕಡೆ ಮುಖ ಮಾಡಿಕೊಂಡು ಕೂತರು. ಜಳಕೋಟದ ಮಾತು ಮತ್ತೆ ಬರಲಿಲ್ಲ.

ಈಗ ನಾನು ಲಾತೂರಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ವಿಶ್ವವಿದ್ಯಾಲಯದಲ್ಲಿ ನನ್ನ ಜೊತೆಗಿದ್ದವರು ನನ್ನದು ಮಾತು ಕಡಿಮೆ, ಗಮನ ಹೆಚ್ಚು ಎಂದು ಹೇಳುತ್ತಿದ್ದರು. ಅದನ್ನು ಹೊಗಳಿಕೆಯಾಗಿ ಹೇಳಿದರೋ ಇಲ್ಲವೋ ತಿಳಿಯಲಿಲ್ಲ. ನನ್ನ ಕೋಣೆಗೆ ಯಾರು ಬಂದರೂ ಅವರು ಬಿಟ್ಟ ಚಪ್ಪಲಿ ಯಾವುದೆಂದು ನನಗೆ ತಿಳಿದಿರುತ್ತದೆ. ಅವರು ಯಾವ ಕೈಯಿಂದ ಲೋಟ ಎತ್ತುತ್ತಾರೆ, ಯಾವ ಮಾತಿಗೆ ಸುಮ್ಮನಾಗುತ್ತಾರೆ, ಇದೂ. ಒಲವು ಎನ್ನುವುದು ಇದಕ್ಕಿಂತ ಹೆಚ್ಚಿನದು ಏನಾದರೂ ಇರಬಹುದು. ಇದಕ್ಕಿಂತ ಕಡಿಮೆಯಾದದ್ದನ್ನು ನಾನು ಒಲವು ಎಂದು ಒಪ್ಪಲಾರೆ. ಕಾಕಾ ಕೆಟ್ಟವನಾಗಿರಲಿಲ್ಲ. ಅವನು ಕೊನೆಯ ತನಕ ಮತ್ತೆ ಮದುವೆಯಾಗಲಿಲ್ಲ. ಆ ದಿನ ನನಗೆ ದಿಗಿಲಾದದ್ದು ಅದಕ್ಕೇ: ಒಳ್ಳೆಯವನೊಬ್ಬ ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ, ಬಾಗಿಲಲ್ಲಿದ್ದ ಚಪ್ಪಲಿ ಹೆಂಡತಿಯದೇ ಎಂದು ನಂಬಿಬಿಡಬಹುದು. ಅವ್ವನನ್ನು ಈಗ ಕೇಳಿದರೆ, "ನೀ ಸಣ್ಣಾಕಿ ಇದ್ದಿ, ನಿನಗೇನ್ ನೆನಪು" ಎಂದು ಮಾತು ತಿರುಗಿಸುತ್ತಾಳೆ. ಆದರೆ ಅಂದು ನಾನು ಅವಳಿಗೆ ಈಗಿನ ಈ ಮಾತನ್ನು ಆಡುವ ಆಯುಷ್ಯ ಇದೆ ಎಂದು ನಂಬಿರಲಿಲ್ಲ.

ವಿಮಾನ ಎತ್ತುವ ಹೊತ್ತಿಗೆ ಆಯಿ ಅವ್ವನಿಗೆ, "ನೀ ಹೊಲಕ್ಕ ಬರಬ್ಯಾಡ. ಇಣುಕಿ ನೋಡೂದಂತೂ ಬ್ಯಾಡೇ ಬ್ಯಾಡ," ಅಂದಳು. ಅವ್ವ ತಲೆಯಾಡಿಸಿದಳು. ಟೆಂಪೋ ಹೊರಡುವಾಗ ಹಿಂದಿನ ಬಾಗಿಲಿನಿಂದ ಹತ್ತಿ ಕೂತಳು. ಸೆರಗು ನನ್ನ ಕೈಯಲ್ಲೇ ಇದ್ದುದರಿಂದ ನಾನೂ ಹತ್ತಿದೆ. ಹೈವೇಯ ಢಾಬಾಗಳು, ಲಾರಿಗಳು, ಬಸ್ಸು ಕಾಯುತ್ತ ನಿಂತ ಜನ, ಎಲ್ಲ ಎಂದಿನಂತೆ ಹಿಂದೆ ಸರಿದವು. ವಿಮಾನವಿದ್ದ ಮುಂದಿನ ಗಾಡಿಯಲ್ಲಿ ಹೂವಿನ ನಡುವೆ ಕಾಕು ನಮಗೆ ಬೆನ್ನು ಮಾಡಿ ಕೂತಿದ್ದಳು. ಗಾಡಿ ಹಾರಿದಾಗಲೆಲ್ಲ ಅವಳ ತಲೆ ಹೌದು ಹೌದು ಎನ್ನುವಂತೆ ಅಲ್ಲಾಡುತ್ತಿತ್ತು.

ಕುಣಿಯನ್ನು ನಾನು ನೋಡಿದೆ. ಮೇಲೆ ಒಂದು ಆಳು ಕರಿಮಣ್ಣು, ಅದರ ಕೆಳಗೆ ಬಿಳಿಯ ಗರಸು. ಕತ್ತರಿಸಿದ ಗೋಡೆ ನುಣುಪಾಗಿ, ತೇವವಾಗಿ ಹೊಳೆಯುತ್ತಿತ್ತು. ಧೂಳಪ್ಪ ಎಂಬ ನಮ್ಮ ಹೊಲದ ಆಳು ಒಳಗಿಳಿದು ಹೊಸ ದಾರ ಹಿಡಿದು ಕಲ್ಲು ಜೋಡಿಸುತ್ತಿದ್ದ. ಎರಡು ದಾರಗಳ ನಡುವಿನ ಅಂತರ ನನ್ನ ಬೆರಳಿನಷ್ಟಿತ್ತು. ಆದರೆ ಕುಣಿಯಲ್ಲಿ ಅದು ಬೆಳೆದು ಒಂದು ಓಣಿಯಷ್ಟಾಗಿತ್ತು, ಒಬ್ಬ ಮನುಷ್ಯ ಸಲೀಸಾಗಿ ನಿಲ್ಲುವಷ್ಟು. ಅಲ್ಲಿ ಯಾರು ನಿಲ್ಲಬೇಕೋ ಅವರ ಸೆರಗು ನನ್ನ ಕೈಯಲ್ಲಿತ್ತು.

ಅವ್ವ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಪಕ್ಕದಲ್ಲಿದ್ದ ಬುಟ್ಟಿಗೆ ಕೈಯಿಂದಲೇ ಮಣ್ಣು ತುಂಬಿ, ಕುಣಿಯ ಅಂಚಿಗೆ ಹೋಗಿ, ಒಳಗೆ ಇಣುಕಿ ನೋಡಿ, ಆ ಸಂದಿಗೆ ಸುರುವಿದಳು.

"ವೈನೀ, ಹಿಂದ ಸರೀರಿ," ಅಂದ ಧೂಳಪ್ಪ ಕೆಳಗಿನಿಂದ. "ನಾ ತುಂಬ್ತೀನಿ."

"ನನ್ನ ಜಾಗಾ ಅದು. ನಾನೇ ತುಂಬ್ತೀನಿ," ಅಂದಳು ಅವ್ವ.

ಆಯಿ ದೂರದಿಂದ ನೋಡಿದಳು, ಬೈಯಲಿಲ್ಲ. ಅಪ್ಪ ಅಂಗಿಯ ತೋಳು ಮಡಚಿ ಇನ್ನೊಂದು ಬುಟ್ಟಿ ಹಿಡಿದ. ಅವರಿಬ್ಬರೂ ಒಬ್ಬರ ಹಿಂದೆ ಒಬ್ಬರು ಮಣ್ಣು ಸುರಿದರು. ಸಂದಿ ತುಂಬಿದ ಮೇಲೆ ಕಾಕುನನ್ನು ಇಳಿಸಿದರು. ಕಾಕಾನೇ ಗೂಡಿನಲ್ಲಿ ಕೂಡಿಸಿ, ಕಾಲು ಸರಿಮಾಡಿ, ಎಡಗೈಯಲ್ಲಿ ಲಿಂಗ ಇಟ್ಟು, ಮೇಲೆ ಬಂದ. ವಿಭೂತಿ, ಉಪ್ಪು, ಪತ್ರಿ, ಆಮೇಲೆ ಎಲ್ಲರ ಹಿಡಿಮಣ್ಣು. ನನ್ನ ಹಿಡಿ ಹಾಕಲು ನನಗೆ ಆಗಲಿಲ್ಲ. ಅದು ಅವಳ ಮೇಲೆ ಬೀಳುತ್ತದೆ ಎಂದು ಅನ್ನಿಸಿತು. ಹಾಗೇ ಮುಷ್ಟಿ ಕಟ್ಟಿಕೊಂಡು ಮನೆಗೆ ಬಂದೆ, ಹಿತ್ತಲಲ್ಲಿ ಕೈ ತೊಳೆಯುವಾಗ ಅದು ನೀರಿನೊಂದಿಗೆ ಹೋಯಿತು.

ಮರುದಿನ ಬೆಳಿಗ್ಗೆ ಹೊಲಕ್ಕೆ ಹಾಲು ಒಯ್ಯುವುದು ನಮ್ಮ ಮನೆತನದ ರೂಢಿ. ಮನೆಯ ಹಿರಿಯ ಸೊಸೆ ಒಯ್ಯಬೇಕು. ಅವ್ವ ಸ್ನಾನ ಮಾಡಿ ಹಿತ್ತಾಳೆಯ ತಂಬಿಗೆಯಲ್ಲಿ ಹಾಲು ತುಂಬಿಸಿಕೊಂಡು ಹೊರಟಾಗ ನಾನು ಬಾಗಿಲಿಗೆ ಅಡ್ಡ ನಿಂತೆ. ನಾನು ಹೋಗುತ್ತೇನೆ, ನೀನು ಹೋಗಬೇಡ, ಎಂದೆ. ಅವಳು ಗದರಿಸಿದಳು, ಆಮೇಲೆ ರಮಿಸಿದಳು. ನಾನು ಅಳಲಿಲ್ಲ, ಸರಿಯಲೂ ಇಲ್ಲ. ಕೊನೆಗೆ ಆಯಿ ಒಳಗಿನಿಂದ, "ಕೊಡು ಆಕಿ ಕೈಯಾಗ. ಮನಿ ಮಗಳ ಒಯ್ದ್ರೂ ನಡೀತದ," ಅಂದಳು. ಕಾಕಾನ ಮೋಟರ್ ಸೈಕಲ್ಲಿನ ಹಿಂದೆ ಕೂತು, ತಂಬಿಗೆಯನ್ನು ಎದೆಗೆ ಒತ್ತಿ ಹಿಡಿದು ಯೆಣೆಗೂರಿಗೆ ಹೋದೆ. ರಾತ್ರಿಯ ಇಬ್ಬನಿಗೆ ಗುಡ್ಡೆಯ ಮಣ್ಣು ಸ್ವಲ್ಪ ಕುಸಿದಿತ್ತು. ಹಾಲು ಹಾಕಿ ಕೈಮುಗಿದ ಮೇಲೆ ನಾನು ಹಿಂದಿನ ದಿನ ಅವ್ವ ನಿಂತ ಬದಿಗೆ ಹೋದೆ. ಆ ಅಂಚಿನಲ್ಲಿ ನೆಲ ಇನ್ನೂ ಮೆತ್ತಗಿತ್ತು, ಕಾಲಿಟ್ಟರೆ ಇಳಿಯುತ್ತಿತ್ತು. ಸುತ್ತಲಿಂದ ಹೆಂಟೆಗಳನ್ನು ಆರಿಸಿ ತಂದು ಅಲ್ಲಿ ಹಾಕಿದೆ, ಹೆಂಟೆ ಒಡೆದು ತುಳಿದೆ, ಮತ್ತೆ ತಂದು ಹಾಕಿ ತುಳಿದೆ. ನೆಲ ನನ್ನ ಭಾರಕ್ಕೆ ಇಳಿಯುವುದನ್ನು ನಿಲ್ಲಿಸುವ ತನಕ ತುಳಿದು, ಕಾಕಾನ ಕೈ ಹಿಡಿದು ಎಳೆದು ತಂದು, ದೊಡ್ಡವರ ಭಾರಕ್ಕೂ ಇಳಿಯುತ್ತದೆಯೋ ಎಂದು ಅಲ್ಲಿ ನಿಲ್ಲಿಸಿ ನೋಡಿದೆ.